ಬಾಡಿಗೆ ಮನೆ ಇನ್‌ಸ್ಪೆಕ್ಷನ್ ಸರ್ವೀಸ್: ಟೆನೆಂಟ್ ಮನೆ ಹಾಳು ಮಾಡಿದ್ಮೇಲೆ ಕರೆಸಿದ್ದು, ನನ್ನ ಅನುಭವ

ಮನೆ ಬಾಡಿಗೆಗೆ ಕೊಟ್ಟಿರೋ ಓನರ್‌ಗಳಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಟೈಮ್ ಇದ್ದಾಗ ಓದಿ. ನಾನು ತಗೊಂಡಿದ್ದು ಇನ್‌ಸ್ಪೆಕ್ಷನ್ ಸರ್ವೀಸ್. ಅಂದ್ರೆ ಓನರ್ ಕಡೆಯವ್ರೂ ಅಲ್ಲ ಟೆನೆಂಟ್ ಕಡೆಯವ್ರೂ ಅಲ್ಲ ಅನ್ನೋ ಮೂರನೇ ವ್ಯಕ್ತಿ ಬಂದು ಮನೆ ಪೂರ್ತಿ ನೋಡಿ, ಅಳೆದು, ಫೋಟೋ ತೆಗೆದು, ಯಾವುದು ಹೇಗಿದೆ ಅಂತ ರಿಪೋರ್ಟ್ ಬರೆದುಕೊಡ್ತಾರೆ. ಈ ಸರ್ವೀಸಲ್ಲಿ ರಿಪೇರಿ ಸೇರಿಲ್ಲ, ಟೆನೆಂಟ್ ಹುಡುಕಿಕೊಡಲ್ಲ, ವಕೀಲರ ಕೆಲಸನೂ ಅಲ್ಲ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಅವ್ರ ಮೇಲೆ ನಂಗೆ ಎರಡ್ಮೂರು ಬೇಜಾರೂ ಇದೆ, ಮತ್ತೆ ನಾನು ಹೇಳ್ಬೇಕು ಅಂತಿರೋದು ಒಂದು ಕಂಪನಿ ಬಗ್ಗೆ ಅಲ್ಲ, ಈ ಥರದ ಸರ್ವೀಸ್ ಬಗ್ಗೆ. 5ಕ್ಕೆ 4 ಸ್ಟಾರ್ ಕೊಡ್ತೀನಿ.

ಮೊದ್ಲು ನನ್ನ ಪರಿಸ್ಥಿತಿ ಏನಾಗಿತ್ತು ಅಂತ ಹೇಳ್ಬಿಡ್ತೀನಿ. ಎರಡು ಬೆಡ್‌ರೂಮ್ ಮನೆ, ಒಬ್ರೇ ಟೆನೆಂಟ್ ಎರಡೂವರೆ ವರ್ಷ ಇದ್ರು. ಮೊದಲನೇ ವರ್ಷ ಒಂದು ಮಾತಿಲ್ಲ ಕತೆಯಿಲ್ಲ, ಹೇಳಿದ ತಾರೀಕಿಗೆ ಬಾಡಿಗೆ ಬರ್ತಿತ್ತು, ನಾನೂ ಆ ಕಡೆ ತಲೆ ಹಾಕ್ಲಿಲ್ಲ, ಒಳ್ಳೆಯವ್ರು ಸಿಕ್ಕಿದಾರೆ ಅಂತ ನೆಮ್ಮದಿಯಾಗಿದ್ದೆ. ಆಮೇಲೆ ಬಾಡಿಗೆ ಒಂದು ವಾರ ಲೇಟು, ಎರಡು ವಾರ ಲೇಟು, ಫೋನ್ ಎತ್ತಲ್ಲ, ಮೆಸೇಜ್ ನೋಡ್ತಾರೆ ಉತ್ತರ ಇಲ್ಲ. ಒಂದಿನ ಕೆಳಗಿನ ಮನೆಯವ್ರು ಫೋನ್ ಮಾಡಿ ನಿಮ್ಮನೆಯಿಂದ ನೀರು ಇಳೀತಿದೆ, ನಮ್ಮ ಸೀಲಿಂಗ್‌ನಲ್ಲಿ ದೊಡ್ಡ ಕಲೆ ಬಂದಿದೆ ಅಂದಾಗ ಎದೆ ಧಸಕ್ ಅಂತು. ನೋಡೋಕೆ ಹೋದ್ರೆ ಬಾಗಿಲು ಅರ್ಧ ತೆಗೆದು "ಈಗ ಆಗಲ್ಲ, ಮನೇಲಿ ಜನ ಇದಾರೆ" ಅಂತ ಮುಚ್ಚಿದ್ರು. ಆ ಅರ್ಧ ಬಾಗಿಲಿನ ಸಂದಿಯಲ್ಲೇ ಕಂಡಿದ್ದು, ಹಾಲ್ ಗೋಡೆ ಮೇಲೆ ಕಪ್ಪಗೆ ಏನೋ ಹರಡಿತ್ತು, ನೆಲದ ಲ್ಯಾಮಿನೇಟ್ ಹಲಗೆ ಅಂಚು ಮೇಲೆ ಎದ್ದಿತ್ತು.

ಆ ರಾತ್ರಿ ನಾನು ಕಳಿಸಿದ ಮೆಸೇಜ್‌ಗಳು ಈಗ ಓದಿದ್ರೆ ನಂಗೇ ಬೇಜಾರಾಗುತ್ತೆ. ಮಾತಿಗೆ ಮಾತು ಬೆಳೀತು. ಬೀಗ ಬದಲಾಯಿಸಿಬಿಡ್ಲಾ, ನೀರಿನ ಲೈನ್ ಬಂದ್ ಮಾಡಿಸ್ಲಾ, ಸಾಮಾನು ಹೊರಗೆ ಹಾಕಿಸ್ಲಾ ಅಂತೆಲ್ಲ ತಲೇಲಿ ಓಡ್ತಿತ್ತು. ಮಾರನೇ ದಿನ ಈ ಸರ್ವೀಸ್‌ನವ್ರಿಗೆ ಫೋನ್ ಮಾಡಿದಾಗ ಆ ಕಡೆಯವ್ರು ಮೊದ್ಲು ಹೇಳಿದ್ದೇ ಇದು, ದಯವಿಟ್ಟು ಅದ್ಯಾವುದನ್ನೂ ಮಾಡ್ಬೇಡಿ ಅಂತ. ಕೋರ್ಟ್ ಆರ್ಡರ್ ಇಲ್ಲದೆ ಓನರ್ ತಾನೇ ಬೀಗ ಬದಲಾಯಿಸೋದು, ನೀರು ಕರೆಂಟ್ ಕಟ್ ಮಾಡೋದು ಬಹುತೇಕ ಎಲ್ಲಾ ಕಡೆ ಕಾನೂನಿಗೆ ವಿರುದ್ಧ, ಮನೆ ಹಾಳು ಮಾಡಿದವ್ರು ಪಾರಾಗಿ, ಮನೆ ಕಳ್ಕೊಂಡವ್ರೇ ತಪ್ಪಿತಸ್ಥರಾಗಿ ನಿಲ್ಬೇಕಾಗುತ್ತೆ. ಲಿಖಿತ ನೋಟಿಸ್ ಕೊಡಿ, ಯಾವ ದಿನ ಎಷ್ಟು ಗಂಟೆಗೆ ಯಾಕೆ ಬರ್ತೀವಿ ಅಂತ ಬರೀರಿ, ಅಗ್ರಿಮೆಂಟ್‌ನಲ್ಲಿ ಮುಂಚಿತವಾಗಿ ಎಷ್ಟು ಗಂಟೆ ಅಥವಾ ಎಷ್ಟು ದಿನ ಹೇಳ್ಬೇಕು ಅಂತಿದೆಯೋ ಅಷ್ಟು ಟೈಮ್ ಕೊಡಿ, ಜಗಳದ ಒಂದು ಪದನೂ ಬೇಡ ಅಂದ್ರು. ಅವ್ರೇ ಒಂದು ಮಾದರಿ ಕಳಿಸಿದ್ರು, ನಾಲ್ಕೇ ಸಾಲು. ನಾನು ಎರಡು ತಿಂಗಳು ಕಿರುಚಾಡಿ ತೆಗೆಸೋಕಾಗದ ಬಾಗಿಲು ಆ ನಾಲ್ಕು ಸಾಲಿಗೆ ತೆಗೀತು. ನೀರು ಸೋರ್ತಿದೆ, ಕೆಳಗಿನವ್ರಿಗೆ ತೊಂದ್ರೆ ಆಗ್ತಿದೆ ಅನ್ನೋ ಕಾರಣ ಲಿಖಿತದಲ್ಲಿ ಹೋಗಿದ್ರಿಂದ ಅವ್ರಿಗೂ ಇಲ್ಲ ಅನ್ನೋಕೆ ಆಗ್ಲಿಲ್ಲ ಅನ್ಸುತ್ತೆ.

ಇಲ್ಲೇ ಮೊದಲನೇ ಕಂಪ್ಲೇಂಟ್ ಹೇಳ್ಬಿಡ್ತೀನಿ. ಅಷ್ಟು ಕಷ್ಟಪಟ್ಟು ಟೆನೆಂಟ್‌ನ ಒಪ್ಪಿಸಿದ ದಿನ ಇನ್‌ಸ್ಪೆಕ್ಟರ್ ಬರ್ಲೇ ಇಲ್ಲ! ಹೇಳಿದ ಟೈಮ್ ದಾಟಿ ಒಂದು ಗಂಟೆ ಆದ್ಮೇಲೆ ಆಫೀಸಿಂದ ಮೆಸೇಜು, ಬೇರೆ ದಿನಕ್ಕೆ ಹಾಕ್ತೀವಿ ಅಂತ. ನಾನು ಮೆಟ್ಟಿಲ ಹತ್ರ ನಿಂತಿದೀನಿ, ಟೆನೆಂಟ್ ಬಾಗಿಲಲ್ಲಿ ನಿಂತಿದಾರೆ, ಏನು ಹೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಮತ್ತೆ ನೋಟಿಸ್, ಮತ್ತೆ ಕಾಯೋದು. ಸಾಮಾನ್ಯ ಕೆಲಸಕ್ಕೆ ಲೇಟ್ ಆದ್ರೆ ಸಹಿಸ್ಕೋಬಹುದು, ಆದ್ರೆ ಓನರ್ ಟೆನೆಂಟ್ ಮುಖ ಮುಖ ನೋಡದ ಸ್ಥಿತಿಯಲ್ಲಿ ಒಂದು ಅಪಾಯಿಂಟ್‌ಮೆಂಟ್ ತಪ್ಪಿದ್ರೆ ಎಷ್ಟು ಹಿಂದೆ ಬೀಳ್ತೀವಿ ಅನ್ನೋದು ಇವ್ರಿಗೆ ಗೊತ್ತಿರ್ಬೇಕಿತ್ತು.

ಎರಡನೇ ಸಲ ಬಂದ ಇನ್‌ಸ್ಪೆಕ್ಟರ್ ಮಾತ್ರ ಚಿನ್ನದಂಥ ಮನುಷ್ಯ. ಒಳಗೆ ಬಂದವ್ರೇ ನನಗೂ ಟೆನೆಂಟ್‌ಗೂ ಒಂದೇ ಮಾತು ಹೇಳಿದ್ರು, ನಾನು ಯಾರ ತಪ್ಪು ಅಂತ ಇಲ್ಲಿ ಹೇಳಲ್ಲ, ಏನಿದೆಯೋ ಅದನ್ನ ಬರ್ಕೋತೀನಿ, ಇಬ್ರೂ ಜೊತೆಗೆ ಬನ್ನಿ ಆದ್ರೆ ವಾದ ಮಾಡ್ಬೇಡಿ. ಆಮೇಲೆ ಎರಡೂವರೆ ಗಂಟೆ ನೋಡಿದಾರೆ. ನಾವು ಮನೆ ನೋಡೋದು ಅಂದ್ರೆ ನಿಂತು ಸುತ್ತ ಕಣ್ಣಾಡಿಸೋದು, ಅವ್ರು ಮಂಡಿಯೂರಿ ನೋಡ್ತಾರೆ. ಟಾರ್ಚ್‌ನ ಗೋಡೆಗೆ ಎದುರಾಗಿ ಹಿಡಿಯದೆ ಗೋಡೆಗೆ ಒರಗಿಸಿ ಅಡ್ಡಡ್ಡ ಬೆಳಕು ಬಿಟ್ರು, ಆಗ ಮೇಲ್ನೋಟಕ್ಕೆ ನುಣ್ಣಗಿದ್ದ ಗೋಡೆ ಮೇಲೆ ಒಂದೊಂದು ಉಬ್ಬು ತಗ್ಗೂ ನೆರಳು ಹಾಕಿ ಎದ್ದು ಕಾಣ್ತು. ಒಂದು ಗೋಡೆಯಲ್ಲಿ ಮೊಳೆ ಹೊಡೆದ 14 ತೂತು, ಎಲ್ಲಾನೂ ಬಿಳಿ ಏನೋ ತುಂಬಿ ಮುಚ್ಚಿದ್ರು. ಉಗುರಲ್ಲಿ ಒಂದನ್ನ ಕೆರೆದು ಮೂಸಿ ನೋಡಿ, ನಂಗೂ ಬೆರಳು ತೋರಿಸಿದ್ರು. ಪುದೀನ ವಾಸನೆ. ಟೂತ್‌ಪೇಸ್ಟ್!

ಕಿಚನ್ ಸಿಂಕ್ ಕೆಳಗಿನ ಕಪಾಟು ತೆಗೆದಾಗ ನಂಗೆ ನಿಜವಾಗ್ಲೂ ಹೊಟ್ಟೆಯೊಳಗೆ ಸಂಕಟ ಆಯ್ತು. ಪಾರ್ಟಿಕಲ್ ಬೋರ್ಡ್ ತಳ ಊದಿ, ಪದರ ಬಿಟ್ಟು, ಕೈಯಿಟ್ಟರೆ ಪುಡಿ ಉದುರ್ತಿತ್ತು. ಪಾರ್ಟಿಕಲ್ ಬೋರ್ಡ್ ಅಂದ್ರೆ ಮರದ ಚೂರನ್ನ ಅಂಟಲ್ಲಿ ಒತ್ತಿ ಮಾಡಿರೋದು, ಒಂದ್ಸಲ ನೀರು ಕುಡಿದು ಊದಿದ್ರೆ ಒಣಗಿದ್ಮೇಲೂ ಮೊದಲಿನ ಅಳತೆಗೆ ವಾಪಸ್ ಬರಲ್ಲ, ಬದಲಾಯಿಸೋದೊಂದೇ ದಾರಿ. ಆ ತಳದ ಮೇಲೆ ಬಕೆಟ್ ಇಟ್ಟ ಗುರುತು, ಒಂದು ಉಂಗುರದ ಒಳಗೆ ಇನ್ನೊಂದು ಉಂಗುರ, ಅದರ ಪಕ್ಕಕ್ಕೆ ಸರಿದು ಮೂರನೇದು. ಇನ್‌ಸ್ಪೆಕ್ಟರ್ ಆ ಉಂಗುರಗಳ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದ್ರು. ಪೈಪ್ ಜಾಯಿಂಟ್ ಸೋರ್ತಿದ್ದದ್ದು ಟೆನೆಂಟ್‌ಗೆ ಗೊತ್ತಿತ್ತು, ತಿಂಗಳುಗಟ್ಟಲೆ ಬಕೆಟ್ ಇಟ್ಕೊಂಡು, ತುಂಬಿದಾಗ ಚೆಲ್ಲಿ, ಮತ್ತೆ ಇಟ್ಟಿದಾರೆ, ನಂಗೆ ಒಂದು ಮಾತು ಹೇಳಿಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಕೆಳಗಿನ ಮನೆಗೆ ಇಳಿದ ನೀರೂ ಇದೇ. ಒಂದು ವಾಷರ್ ಹಾಕಿಸಿದ್ರೆ ಮುಗೀತಿದ್ದ ಕೆಲಸ.

ಆದ್ರೆ ಈ ರಿವ್ಯೂ ಬರೀಬೇಕು ಅಂತ ನಂಗೆ ಅನ್ಸಿದ್ದು ಸಿಂಕ್ ನೋಡಿ ಅಲ್ಲ, ಗೋಡೆಗಳಲ್ಲಿದ್ದ ಬೂಷ್ಟಿನಿಂದ. ಎರಡು ಗೋಡೆಯಲ್ಲಿ ಕಪ್ಪು ಬೂಷ್ಟು ಇತ್ತು, ಒಂದು ಬೆಡ್‌ರೂಮಿನ ಹೊರಗೋಡೆ, ಇನ್ನೊಂದು ಹಾಲ್‌ನಲ್ಲಿ ಬಾತ್‌ರೂಮಿಗೆ ಹೊಂದಿಕೊಂಡ ಗೋಡೆ. ನನ್ನ ಲೆಕ್ಕದಲ್ಲಿ ಎರಡೂ ಟೆನೆಂಟ್ ಕೊಳಕಾಗಿ ಇಟ್ಕೊಂಡಿದ್ದಕ್ಕೆ ಬಂದಿದ್ದು, ಮುಗೀತು. ಇನ್‌ಸ್ಪೆಕ್ಟರ್ ತೇವ ಅಳೆಯೋ ಮಾಯಿಶ್ಚರ್ ಮೀಟರ್ ತೆಗೆದು, ಅದರ ಎರಡು ಸಣ್ಣ ಮುಳ್ಳನ್ನ ಗೋಡೆಗೆ ಒತ್ತಿ, ಕೆಳಗಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಒಂದೊಂದು ಅಡಿಗೂ ಅಂಕಿ ಬರ್ಕೊಂಡ್ರು. ಈ ಮೀಟರ್ ಮರಕ್ಕೆ ಅಂತ ಅಳತೆ ಹೊಂದಿಸಿರೋದು, ಮರದಲ್ಲಿ 20 ಪರ್ಸೆಂಟ್ ದಾಟಿದ್ರೆ ಕೊಳೆಯೋ ಅಪಾಯ ಶುರು, ಆದ್ರೆ ಪ್ಲಾಸ್ಟರ್ ಮೇಲೆ ಬರೋ ನಂಬರ್‌ನ ಹಾಗೇ ನಂಬಬಾರದು, ಗೋಡೆಯಲ್ಲಿ ಉಪ್ಪು ಇದ್ರೂ ಜಾಸ್ತಿ ತೋರಿಸುತ್ತೆ, ಅದಕ್ಕೇ ಒಂದು ನಂಬರ್ ಅಲ್ಲ, ಒಣಗಿರೋ ಜಾಗಕ್ಕೂ ಒದ್ದೆ ಜಾಗಕ್ಕೂ ಇರೋ ವ್ಯತ್ಯಾಸ ನೋಡ್ಬೇಕು ಅಂತ ವಿವರಿಸಿದ್ರು. ಯಾರೂ ಕೇಳದಿದ್ರೂ ಹೇಳ್ತಿದ್ರು, ಟೆನೆಂಟ್ ಕೂಡ ಬಗ್ಗಿ ನೋಡ್ತಿದ್ರು.

ಬೆಡ್‌ರೂಮಿನ ಗೋಡೆ ಮೇಲ್ಮೈಯಲ್ಲಿ ಮಾತ್ರ ಒದ್ದೆ. ಅದು ತಣ್ಣನೆ ಹೊರಗೋಡೆ, ಅದಕ್ಕೆ ಒತ್ತಿ ದೊಡ್ಡ ವಾರ್ಡ್‌ರೋಬ್ ನಿಲ್ಲಿಸಿದ್ರು, ಗಾಳಿ ಆಡೋ ಹಾಗಿಲ್ಲ, ಕಿಟಕಿ ಸಂದಿಗೆ ಟೇಪ್ ಹಚ್ಚಿದ್ರು, ರೂಮಲ್ಲೇ ಒದ್ದೆ ಬಟ್ಟೆ ಒಣಹಾಕಿದ್ರು. ಗಾಳಿಯಲ್ಲಿರೋ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗಿ ಕೂರುತ್ತೆ, ಮನೆಯೊಳಗಿನ ತೇವಾಂಶ ತುಂಬ ದಿನ 60 ಪರ್ಸೆಂಟ್‌ಗಿಂತ ಮೇಲೇ ಇದ್ರೆ ಬೂಷ್ಟು ಬರೋ ಸಾಧ್ಯತೆ ಜಾಸ್ತಿ. ಅವತ್ತು ಆ ರೂಮಿನ ಗಾಳಿಯಲ್ಲಿ ತೇವಾಂಶ 74 ಪರ್ಸೆಂಟ್ ಇತ್ತು. ಇದು ಮನೆ ಬಳಸಿದ ರೀತಿಯಿಂದ ಆಗಿದ್ದು ಅಂತ ರಿಪೋರ್ಟ್‌ನಲ್ಲಿ ಬಂತು.

ಹಾಲ್ ಗೋಡೆದು ಬೇರೆ ಕತೆ. ಅಲ್ಲಿ ಒದ್ದೆ ಒಳಗಿಂದ ಬರ್ತಿತ್ತು, ಕೆಳಗೆ ಜಾಸ್ತಿ, ಬಾತ್‌ರೂಮ್ ಕಡೆಗೆ ಹೋದಷ್ಟೂ ಜಾಸ್ತಿ, ಬಣ್ಣ ಪೊರೆ ಬಿಟ್ಟು ಎದ್ದು ಅದರಡಿ ಬಿಳಿ ಪುಡಿ. ಗೋಡೆಯೊಳಗೆ ಹರಿದ ನೀರು ಸಿಮೆಂಟಿನ ಉಪ್ಪನ್ನ ಕರಗಿಸ್ಕೊಂಡು ಹೊರಗೆ ಬಂದು, ನೀರು ಆರಿ, ಉಪ್ಪು ಉಳ್ಕೊಂಡಿರೋದು ಅದು. ಬಾತ್‌ರೂಮಿಗೆ ಹೋಗಿ ನೋಡಿದ್ರೆ ಷವರ್ ಮೂಲೆಯಲ್ಲಿ ಟೈಲ್ಸ್ ಮಧ್ಯದ ಸಂದಿ ತುಂಬೋ ಗ್ರೌಟ್ ಉದುರಿ ಹೋಗಿತ್ತು. ಟೆನೆಂಟ್ ಆಗ ಮೆಲ್ಲಗೆ ಹೇಳಿದ್ರು, "ಇದನ್ನ ನಾನು ಮೊದ್ಲೇ ಹೇಳಿದ್ದೆ." ನಾನು ಇಲ್ಲವೇ ಇಲ್ಲ ಅಂದೆ. ಇನ್‌ಸ್ಪೆಕ್ಟರ್ ಇಬ್ರ ಹತ್ರನೂ ಮೆಸೇಜ್ ಹುಡುಕಿ ಕಳಿಸಿ ಅಂದ್ರು. ಮನೆಗೆ ಬಂದು ಹುಡುಕಿದೆ. ಇತ್ತು. 14 ತಿಂಗಳ ಹಿಂದೆ, ಬಾತ್‌ರೂಮ್ ಮೂಲೆಯ ಫೋಟೋ ಸಮೇತ, "ಟೈಲ್ಸ್ ಸಂದಿ ಬಿಟ್ಟಿದೆ, ನೋಡ್ತೀರಾ" ಅಂತ ಕೇಳಿದ್ರು. ಕೆಳಗೆ ನನ್ನ ಉತ್ತರ, "ನೋಡೋಣ".

ಆ ಒಂದು ಪದ ನೋಡ್ತಾ ಎಷ್ಟೊತ್ತು ಕೂತಿದ್ನೋ ಗೊತ್ತಿಲ್ಲ. ಸಿಂಕ್ ವಿಷಯ ಅವ್ರು ನಂಗ್ಯಾಕೆ ಹೇಳ್ಲಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲಿ ಸ್ವಲ್ಪ ಮಟ್ಟಿಗೆ ಇತ್ತು. ಅವ್ರು ಮಾಡಿದ್ದು ಸರಿ ಅಂತ ಹೇಳ್ತಿಲ್ಲ, ಬಕೆಟ್ ಇಟ್ಟು ಸುಮ್ನಿದ್ದದ್ದು ದೊಡ್ಡ ತಪ್ಪೇ, ಕೆಳಗಿನವ್ರಿಗೂ ನಷ್ಟ ಆಯ್ತು. ಆದ್ರೆ ದುಡ್ಡು ಕೊಟ್ಟು ಕರೆಸಿದ ಸರ್ವೀಸು ದುಡ್ಡು ಕೊಟ್ಟವ್ರ ವಿರುದ್ಧ ಇರೋ ಸಂಗತಿನೂ ಬರೀತು ನೋಡಿ, ಅದಕ್ಕೇ ಅದಕ್ಕೆ ಬೆಲೆ. ನನ್ನ ಪರವಾಗಿ ಮಾತ್ರ ಬರೆದಿದ್ರೆ ಟೆನೆಂಟ್ ಆ ರಿಪೋರ್ಟ್‌ನ ಹರಿದು ಹಾಕಿ ಮುಂದಿನ ಮಾತಿಗೆ ಬರ್ತಾನೇ ಇರ್ಲಿಲ್ಲ.

ಮನೆ ಖಾಲಿ ಮಾಡೋಕೆ ಟೈಮ್ ಕೊಟ್ವಿ, ಎರಡು ವಾರ ಮುಂಚೆ ಇನ್ನೊಂದು ಸಣ್ಣ ವಿಸಿಟ್ ಮಾಡಿದ್ರು, ಯಾವ್ಯಾವುದನ್ನ ನೀವೇ ಸರಿ ಮಾಡಿ ಕೊಟ್ರೆ ಡೆಪಾಸಿಟ್‌ನಲ್ಲಿ ಹಿಡಿಯಲ್ಲ ಅಂತ ಟೆನೆಂಟ್‌ಗೆ ಪಟ್ಟಿ ಕೊಟ್ರು. ಇದು ಪ್ಯಾಕೇಜಲ್ಲಿ ಸೇರಿರ್ಲಿಲ್ಲ, ಎಕ್ಸ್‌ಟ್ರಾ ಕೊಡ್ಬೇಕಾಯ್ತು, ಆದ್ರೂ ಕೊಟ್ಟಿದ್ದು ಒಳ್ಳೇದಾಯ್ತು. ಗೋಡೆ ತೂತು ಸರಿಯಾದ ಪುಟ್ಟಿ ಹಾಕಿ ಮುಚ್ಚಿಸಿದ್ರು, ಒಲೆ ಹಿಂದಿನ ಜಿಡ್ಡು ಉಜ್ಜಿಸಿದ್ರು, ಮುರಿದ ಬಾಗಿಲ ಹಿಡಿ ಹಾಕಿಸಿದ್ರು.

ಖಾಲಿ ಆದ ದಿನ ಕೊನೇ ಇನ್‌ಸ್ಪೆಕ್ಷನ್. ಈಗ ಬರುತ್ತೆ ನನ್ನ ಇನ್ನೊಂದು ತಪ್ಪು. ಟೆನೆಂಟ್ ಒಳಗೆ ಬರೋವಾಗ ಮನೆ ಹೇಗಿತ್ತು ಅನ್ನೋದಕ್ಕೆ ನನ್ನ ಹತ್ರ ಒಂದು ಕಾಗದನೂ ಇರ್ಲಿಲ್ಲ. ಕೀ ಕೊಟ್ಟೆ, ದುಡ್ಡು ತಗೊಂಡೆ, ಅಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ ಹಾಗೆ. ಇನ್‌ಸ್ಪೆಕ್ಟರ್ ಕೇಳಿದ್ರು, ಬಾಡಿಗೆಗಿದೆ ಅಂತ ಹಾಕೋಕೆ ಫೋಟೋ ತೆಗೆದಿದ್ರಲ್ವಾ, ಅದು ಎಲ್ಲಿದೆ? ಮೆಸೇಜ್ ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿದ್ದನ್ನ ಕಳಿಸಿದೆ, ಅದು ಸಾಲಲ್ಲ ಅಂದ್ರು. ಹಾಗೆ ಫೋಟೋ ಥರ ಕಳಿಸಿದಾಗ ಆ್ಯಪ್ ಅದನ್ನ ಕುಗ್ಗಿಸುತ್ತೆ, ಫೋಟೋ ಒಳಗೆ ಫೋನ್ ಬರ್ಕೊಂಡಿರೋ ತಾರೀಕು, ಟೈಮ್, ಎಲ್ಲಾ ಉದುರಿಹೋಗುತ್ತೆ. ಡಾಕ್ಯುಮೆಂಟ್ ಥರ ಕಳಿಸಿದ್ರೆ ಉಳಿಯುತ್ತೆ. ಪುಣ್ಯಕ್ಕೆ ಹಳೇ ಫೋನು ಡ್ರಾಯರ್‌ನಲ್ಲಿತ್ತು, ಚಾರ್ಜ್ ಹಾಕಿ ಆನ್ ಮಾಡಿದ್ರೆ 23 ಮೂಲ ಫೋಟೋ ತಾರೀಕಿನ ಸಮೇತ ಹಾಗೇ ಇತ್ತು, ಅದ್ರಲ್ಲಿ ಒಂದ್ರಲ್ಲಿ ಕಿಚನ್ ಕಪಾಟಿನ ಬಾಗಿಲು ತೆಗೆದಿತ್ತು, ತಳ ಚಪ್ಪಟೆಯಾಗಿ ಹೊಳೀತಿತ್ತು. ಆ ಒಂದು ಫೋಟೋ ಇಲ್ದೇ ಇದ್ದಿದ್ರೆ ಕಪಾಟಿನ ವಿಷಯ ಬಾಯಿ ಮಾತಲ್ಲೇ ನಿಲ್ತಿತ್ತು.

ರಿಪೋರ್ಟ್ ಮೂರು ದಿನಕ್ಕೆ ಅಂದಿದ್ರು, ಬಂದಿದ್ದು ಒಂಬತ್ತನೇ ದಿನಕ್ಕೆ. ಡೆಪಾಸಿಟ್ ವಾಪಸ್ ಕೊಡೋಕೆ ಅಗ್ರಿಮೆಂಟಲ್ಲಿ ಗಡುವು ಇರುತ್ತೆ, ಆ ಗಡುವು ದಾಟಿದ್ರೆ ನಮ್ಮ ಹಿಡಿತ ಜಾರುತ್ತೆ, ನಾನು ದಿನಾ ಫೋನ್ ಮಾಡಿ ಮಾಡಿ ಸುಸ್ತಾದೆ. ಬಂದಿದ್ದ್ರಲ್ಲೂ ಎರಡು ಫೋಟೋ ಕೆಳಗೆ ರೂಮ್ ಹೆಸರು ಅದಲು ಬದಲು. ಟೆನೆಂಟ್ ಮೊದ್ಲು ಹಿಡಿದಿದ್ದೇ ಅದನ್ನ, ಇದೇ ತಪ್ಪಿದ್ರೆ ಮಿಕ್ಕಿದ್ದು ಹೇಗೆ ನಂಬೋದು ಅಂತ. ತಿದ್ದಿ ಕಳಿಸೋಕೆ ಇನ್ನೆರಡು ದಿನ. ಒಂದು ಸ್ಟಾರ್ ಹೋಗಿದ್ದು ಇದಕ್ಕೇ, ಬೇರೆ ಯಾವುದಕ್ಕೂ ಅಲ್ಲ.

ರಿಪೋರ್ಟ್ ಒಳಗಿನ ವಿಷಯ ಮಾತ್ರ ಗಟ್ಟಿ. ನಾನು 11 ಐಟಂ ಕೇಳಿದ್ದೆ. ಅದ್ರಲ್ಲಿ 4 ಟೆನೆಂಟ್ ಮಾಡಿದ ಹಾನಿ, 3 ಬಳಕೆಯಿಂದ ಸಹಜವಾಗಿ ಸವೆದದ್ದು, 2 ನಾನೇ ರಿಪೇರಿ ಮಾಡಿಸ್ಬೇಕಿದ್ದದ್ದು, ಇನ್ನೆರಡಕ್ಕೆ ಮೊದಲಿನ ಫೋಟೋ ಇಲ್ಲದ್ರಿಂದ ಹೇಳೋಕಾಗಲ್ಲ ಅಂತ. ಸವೆತಕ್ಕೂ ಹಾನಿಗೂ ವ್ಯತ್ಯಾಸ ನಂಗೆ ಅಷ್ಟು ಸ್ಪಷ್ಟವಾಗಿ ಅರ್ಥ ಆಗಿದ್ದೇ ಆಗ. ಬಿಸಿಲಿಗೆ ಬಣ್ಣ ಮಾಸೋದು, ಜನ ಓಡಾಡೋ ಜಾಗದಲ್ಲಿ ನೆಲದ ಹೊಳಪು ಹೋಗೋದು, ಸೋಫಾ ಕಾಲಿನ ಸಣ್ಣ ಗುರುತು, ಇದೆಲ್ಲ ಯಾರಿದ್ರೂ ಆಗುತ್ತೆ, ಅದಕ್ಕೇ ಬಾಡಿಗೆ ತಗೊಳ್ಳೋದು. ಬಾಗಿಲಲ್ಲಿ ತೂತು, ಸುಟ್ಟ ಕಲೆ, ನೀರಿಗೆ ಊದಿದ ಕಪಾಟು, ಅದು ಹಾನಿ.

ಹಾನಿ ಅಂತ ಆದ್ಮೇಲೂ ಹೊಸದರ ಪೂರ್ತಿ ಬೆಲೆ ಕೇಳೋ ಹಾಗಿಲ್ಲ. ನಾನು ಹೊಸ ಬಣ್ಣದ ಪೂರ್ತಿ ಕೊಟೇಶನ್ ಹಿಡ್ಕೊಂಡು ಕೂತಿದ್ದೆ. ಬಣ್ಣ 5 ವರ್ಷ ಬಾಳುತ್ತೆ ಅಂತ ಇಟ್ಕೊಳ್ಳಿ, ಹೊಡೆಸಿ 4 ವರ್ಷ ಆಗಿದೆ, ಅಂದ್ರೆ ಟೆನೆಂಟ್ ಕಳೆದದ್ದು 1 ವರ್ಷದ ಆಯುಸ್ಸು ಮಾತ್ರ, ಐದರಲ್ಲಿ ಒಂದು ಪಾಲು ಕೇಳಿ ಅಂದ್ರು. ಮೊದ್ಲು ಕೇಳಿದಾಗ ಸಿಟ್ಟೇ ಬಂತು, ಪೂರ್ತಿ ಖರ್ಚು ಮಾಡೋದು ನಾನಲ್ವಾ? ಆಮೇಲೆ ಯೋಚನೆ ಮಾಡಿದೆ, ಅವ್ರು ಹಾಳು ಮಾಡದೇ ಇದ್ದಿದ್ರೂ ಮುಂದಿನ ವರ್ಷ ನಾನು ಹೊಡೆಸ್ಲೇಬೇಕಿತ್ತು. ಕಪಾಟು ಹೊಸದೇ ಆಗಿದ್ರಿಂದ ಅದಕ್ಕೆ ಬಹುಪಾಲು ಸಿಕ್ತು.

ಕೊನೆಗೆ ಡೆಪಾಸಿಟ್‌ನಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಹಿಡ್ಕೊಂಡೆ. ಪ್ರತಿ ಐಟಂ ಪಕ್ಕ ಮುಂಚಿನ ಫೋಟೋ, ಈಗಿನ ಫೋಟೋ, ರಿಪೇರಿ ಬಿಲ್, ಎಷ್ಟು ಪಾಲು ಯಾಕೆ ಅಂತ ಲೆಕ್ಕ, ಹಾಲ್ ಗೋಡೆ ನನ್ನ ಜವಾಬ್ದಾರಿ ಅಂತ ಒಪ್ಪಿ ಒಂದು ಸಾಲು, ಎಲ್ಲಾ ಒಂದೇ ಮೇಲ್‌ನಲ್ಲಿ ಟೆನೆಂಟ್‌ಗೆ ಕಳಿಸಿದೆ. ಎರಡು ವಾರ ಮಾತುಕತೆ ನಡೀತು, ಒಂದು ಐಟಂ ಕಮ್ಮಿ ಮಾಡಿ ಅಂದ್ರು, ಮಾಡಿದೆ, ಒಪ್ಕೊಂಡ್ರು. ಕೋರ್ಟ್ ಮೆಟ್ಟಿಲು ಹತ್ತೋದು ತಪ್ತು. ಕೆಳಗಿನವ್ರ ಸೀಲಿಂಗ್ ನಾನೇ ಮಾಡಿಸಿಕೊಟ್ಟೆ.

ಇನ್‌ಸ್ಪೆಕ್ಷನ್ ಕಂಪನಿಯವ್ರು ರಿಪೇರಿನೂ ನಮ್ಮ ಟೀಮ್ ಕೈಲೇ ಮಾಡಿಸಿ ಅಂತ ಎರಡು ಸಲ ಫೋನ್ ಮಾಡಿದ್ರು, ನಾನು ಬೇಡ ಅಂದೆ. ಹಾನಿ ಎಷ್ಟು ಅಂತ ಬರೆಯೋರೇ ಅದನ್ನ ಸರಿ ಮಾಡೋಕೆ ದುಡ್ಡು ತಗೊಂಡ್ರೆ ಟೆನೆಂಟ್ ಅನುಮಾನ ಪಡೋದು ನ್ಯಾಯವೇ. ಹೊರಗಿನ ಇಬ್ರ ಹತ್ರ ಕೊಟೇಶನ್ ತಗೊಂಡೆ. ಕರೆಂಟ್ ಲೈನ್ ಇವ್ರು ಚೆಕ್ ಮಾಡಲ್ಲ, ಸ್ವಿಚ್ ಕೆಲಸ ಮಾಡುತ್ತಾ ಅಷ್ಟೇ ನೋಡ್ತಾರೆ, ಅದಕ್ಕೆ ಎಲೆಕ್ಟ್ರಿಷಿಯನ್‌ನ ಬೇರೆ ಕರೆಸ್ಬೇಕು. ನೀರು ಸೋರ್ತಿದೆಯಾ ಅಂತ ನೋಡೋದು ಮಾತ್ರ ನೀವೇ ಮಾಡ್ಬಹುದು, ಎಲ್ಲಾ ನಲ್ಲಿ ನಿಲ್ಲಿಸಿ, ನೀರಿನ ಮೀಟರ್ ಅಂಕಿ ಬರ್ಕೊಂಡು, ಒಂದೆರಡು ಗಂಟೆ ಯಾರೂ ನೀರು ಮುಟ್ಟದೆ ಇದ್ದು ಮತ್ತೆ ನೋಡಿ, ಅಂಕಿ ಸರಿದಿದ್ರೆ ಎಲ್ಲೋ ಹೋಗ್ತಿದೆ ಅಂತ ಅರ್ಥ. ಡ್ರೈನ್ ಪೈಪ್ ಸೋರೋದು ಇದ್ರಲ್ಲಿ ಗೊತ್ತಾಗಲ್ಲ, ನನ್ನ ಸಿಂಕ್ ಥರದ್ದು, ಅದಕ್ಕೆ ಕಪಾಟು ತೆಗೆದು ಕೈಯಾಡಿಸ್ಲೇಬೇಕು.

ಗ್ರೌಟ್ ಪೂರ್ತಿ ಕೆರೆಸಿ ಹೊಸದಾಗಿ ಹಾಕಿಸಿದೆ, ಗೋಡೆ ಒಣಗೋಕೆ ಬಿಟ್ಟು ಆಮೇಲೆ ಬಣ್ಣ. ಹೊಸ ಟೆನೆಂಟ್ ಬರೋ ದಿನ ಅದೇ ಇನ್‌ಸ್ಪೆಕ್ಟರ್ ಬೇಕು ಅಂತ ಕೇಳಿ ಕರೆಸ್ಕೊಂಡೆ, ಟೈಮಿಗೆ ಸರಿಯಾಗಿ ಬಂದ್ರು. ಮೂರು ಜನನೂ ಒಂದೊಂದು ರೂಮ್ ನೋಡ್ಕೊಂಡು ಬರ್ತಿದ್ವಿ. ಎಲ್ಲಾ ಮುಗೀತು, ಸೈನ್ ಮಾಡೋಣ ಅನ್ನೋವಾಗ ಹೊಸ ಟೆನೆಂಟ್ ಬೆಡ್‌ರೂಮಿನ ಕಿಟಕಿ ಹತ್ರ ನಿಂತು, ಇಲ್ಲೊಂದು ಚಕ್ಕೆ ಎದ್ದಿದೆ, ಬರ್ಕೊಂಡಿದೀರಾ ಅಂತ ಸ್ವಲ್ಪ ಸಂಕೋಚದಲ್ಲಿ ಕೇಳಿದ್ರು. ನಾವ್ಯಾರೂ ನೋಡಿರ್ಲಿಲ್ಲ. ಫೋಟೋ ತೆಗೆದು, ಕಿಟಕಿ ಕಟ್ಟೆಯ ಎಡ ಮೂಲೆ, ಎರಡು ಸೆಂಟಿಮೀಟರ್, ಮುಂಚೆಯಿಂದ ಇದ್ದದ್ದು ಅಂತ ಕೈಯಲ್ಲೇ ಬರೆದು ಸೇರಿಸಿದ್ವಿ, ಅದರ ಪಕ್ಕ ನಾನೂ ಅವ್ರೂ ಸೈನ್ ಹಾಕಿದ್ವಿ.